ಉಗುಳಿದ ಮೇಲೆ ಒಳಗೆ ಉಳಿದದ್ದು: ಚೂಯಿಂಗ್ ಗಮ್‌ನ ಸಿಹಿ ಮತ್ತು ಸೇರ್ಪಡೆಗಳ ಲೆಕ್ಕ

ಚೂಯಿಂಗ್ ಗಮ್ ಬಾಯಿಗೆ ಬಿದ್ದ ಮೊದಲ ಕ್ಷಣಗಳಲ್ಲಿ ಉಕ್ಕುವ ಸಿಹಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗಿ, ಕೊನೆಗೆ ರುಚಿಯಿಲ್ಲದ ಒಂದು ಮುದ್ದೆ ಮಾತ್ರ ಹಲ್ಲುಗಳ ನಡುವೆ ಉಳಿಯುವುದು ಅದನ್ನು ಜಗಿದವರಿಗೆಲ್ಲ ಗೊತ್ತಿರುವ ಸಂಗತಿ. ಆ ಮುದ್ದೆಯನ್ನು ಉಗುಳಿಬಿಡುವುದರಿಂದ ಗಮ್ ಹೊಟ್ಟೆಗೆ ಹೋಗುವ ಪದಾರ್ಥವೇ ಅಲ್ಲವೆಂಬ ಭಾವನೆ ಬಹಳ ಜನರಲ್ಲಿದೆ. ಆದರೆ ಅದೇ ಗಮ್‌ನ ಪೊಟ್ಟಣದ ಮುಂಬದಿಯಲ್ಲಿ ‘ಸಕ್ಕರೆರಹಿತ’ ಎಂಬ ಮಾತು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಇದರಲ್ಲಿ ಕೃತಕ ಸಿಹಿಕಾರಕ ಇದೆ, ಫೀನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆ ಇರುವವರಿಗೆ ಇದು ತಕ್ಕುದಲ್ಲ, ಇದರಲ್ಲಿರುವ ಪಾಲಿಯಾಲ್‌ಗಳಿಂದ ಭೇದಿಯಾಗಬಹುದು ಎಂಬಂಥ ಸಾಲುಗಳು ಇರುತ್ತವೆ. ನುಂಗದೆ ಉಗುಳುವ ಪದಾರ್ಥಕ್ಕೆ ಇಷ್ಟೊಂದು ಎಚ್ಚರಿಕೆ ಏಕೆ ಬೇಕು, ಸಕ್ಕರೆಯೇ ಇಲ್ಲದ ಮೇಲೆ ಸಿಹಿ ಎಲ್ಲಿಂದ ಬಂತು, ಬಂದ ಸಿಹಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿದರೆ, ಗಮ್‌ನ ಬಗ್ಗೆ ಹಬ್ಬಿರುವ ಹೆದರಿಕೆಗಳಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದಕ್ಕೆ ಇಲ್ಲ ಎಂಬುದೂ ತಾನಾಗಿ ತಿಳಿಯುತ್ತದೆ.

ಜಗಿಯುವಾಗ ನಡೆಯುವ ವಿಂಗಡಣೆ

ಗಮ್ ಎಂಬುದು ಸ್ವಭಾವದಲ್ಲಿ ತೀರ ಬೇರೆಯಾದ ಎರಡು ಪಾಲುಗಳನ್ನು ಬೆರೆಸಿ ಮಾಡಿದ ಪದಾರ್ಥ. ಒಂದು ಪಾಲು ನೀರಿನಲ್ಲಿ ಕರಗದ, ಎಷ್ಟು ಜಗಿದರೂ ಸವೆಯದ ಅಂಟು. ಇದನ್ನು ಗೋಂದುತಿರುಳು ಎಂದು ಕರೆಯಬಹುದು. ಇನ್ನೊಂದು ಪಾಲು ಜೊಲ್ಲಿನಲ್ಲಿ ಕರಗುವ ಸಿಹಿಕಾರಕಗಳು, ಹುಳಿ ಕೊಡುವ ಆಮ್ಲಗಳು ಮತ್ತು ಗಮ್ ಒಣಗದಂತೆ ಕಾಯುವ ಗ್ಲಿಸರಿನ್‌ನಂಥ ವಸ್ತುಗಳು. ಕಬ್ಬನ್ನು ಜಗಿಯುವವರು ರಸವನ್ನು ನುಂಗಿ ಸಿಪ್ಪೆಯನ್ನು ಉಗುಳುವಂತೆಯೇ ಗಮ್ ಜಗಿಯುವವರೂ ಕರಗಿದ್ದನ್ನೆಲ್ಲ ನುಂಗಿ ಕರಗದ್ದನ್ನು ಮಾತ್ರ ಉಗುಳುತ್ತಾರೆ. ಕಬ್ಬಿನಲ್ಲಿ ರಸ ಒಳಗೆ ಹೋಗುವುದು ತಿನ್ನುವವರ ಗಮನದಲ್ಲಿರುತ್ತದೆ, ಗಮ್‌ನಲ್ಲಿ ಅದು ಗಮನಕ್ಕೇ ಬರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಒಂದು ತುಂಡು ಗಮ್‌ನ ತೂಕ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಗ್ರಾಂ ಆಗಿದ್ದು, ಅದರಲ್ಲಿ ಗೋಂದುತಿರುಳಿನ ಪಾಲು ಹೆಚ್ಚಾಗಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರುತ್ತದೆ. ಉಳಿದ ದೊಡ್ಡ ಪಾಲು ಜಗಿದವರ ಹೊಟ್ಟೆಗೇ ಸೇರುತ್ತದೆ.

ಆದ್ದರಿಂದ ಗಮ್‌ನಲ್ಲಿರುವ ಯಾವುದೇ ವಸ್ತುವಿನ ಬಗ್ಗೆ ಆತಂಕ ಎದ್ದಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಅದು ಜೊಲ್ಲಿನಲ್ಲಿ ಕರಗುತ್ತದೆಯೇ, ಕರಗುವುದಾದರೆ ಎಷ್ಟು ಪ್ರಮಾಣದಲ್ಲಿ ಒಳಗೆ ಹೋಗುತ್ತದೆ, ಒಳಗೆ ಹೋದ ಮೇಲೆ ದೇಹದ ಯಾವ ದಾರಿ ಹಿಡಿಯುತ್ತದೆ. ಆ ವಸ್ತುವಿನ ಹೆಸರು ಎಷ್ಟು ಉದ್ದ, ಅದು ಕಾರ್ಖಾನೆಯಲ್ಲಿ ತಯಾರಾದದ್ದೋ ಗಿಡದಿಂದ ಬಂದದ್ದೋ ಎಂಬ ವಿವರಗಳು ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಬೆರಳ ತುದಿಯಷ್ಟು ಸಿಹಿ

ಕೃತಕ ಸಿಹಿಕಾರಕಗಳ ಇತಿಹಾಸದಲ್ಲಿ ಒಂದೇ ಬಗೆಯ ಆಕಸ್ಮಿಕ ಮತ್ತೆ ಮತ್ತೆ ಕಾಣಿಸುತ್ತದೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಐರಾ ರೆಮ್ಸೆನ್ ಅವರ ಪ್ರಯೋಗಾಲಯದಲ್ಲಿ ಕಲ್ಲಿದ್ದಲ ಟಾರಿನಿಂದ ಬಂದ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಂಟಿನ್ ಫಾಲ್‌ಬರ್ಗ್, ಊಟದ ಹೊತ್ತಿನಲ್ಲಿ ತಮ್ಮ ಕೈಯಲ್ಲಿ ಉಳಿದಿದ್ದ ವಸ್ತು ಸಿಹಿಯಾಗಿರುವುದನ್ನು ಗುರುತಿಸಿದ್ದರಿಂದ ಸ್ಯಾಕರಿನ್ ಬೆಳಕಿಗೆ ಬಂತು. 1965ರಲ್ಲಿ ಜಿ. ಡಿ. ಸರ್ಲ್ ಕಂಪನಿಯ ರಸಾಯನವಿಜ್ಞಾನಿ ಜೇಮ್ಸ್ ಶ್ಲಾಟರ್ ಜಠರದ ಹುಣ್ಣಿಗೆ ಔಷಧಿ ಹುಡುಕುತ್ತಿದ್ದಾಗ, ಕಾಗದವೊಂದನ್ನು ಎತ್ತಿಕೊಳ್ಳಲು ಬೆರಳನ್ನು ನಾಲಿಗೆಗೆ ತಾಗಿಸಿ ಆಸ್ಪರ್ಟೇಮ್‌ನ ಸಿಹಿಯನ್ನು ಕಂಡರು. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಫ್ ಅವರ ಜೊತೆ ಕೆಲಸ ಮಾಡುತ್ತಿದ್ದ ಭಾರತೀಯ ವಿಜ್ಞಾನಿ ಶಶಿಕಾಂತ ಫಡ್ನಿಸ್, ಕ್ಲೋರಿನ್ ಸೇರಿಸಿದ ಸಕ್ಕರೆಯ ಒಂದು ರೂಪವನ್ನು ರುಚಿ ನೋಡಿದ್ದರಿಂದ ಸುಕ್ರಲೋಸ್‌ನ ಸಿಹಿ ತಿಳಿಯಿತು.

ಕೈಗೆ ಮೆತ್ತಿದ ಧೂಳಿನಷ್ಟು ವಸ್ತು ನಾಲಿಗೆಗೆ ತಾಗಿದರೂ ಸಿಹಿ ಎದ್ದು ಕಾಣಬೇಕಾದರೆ ಆ ವಸ್ತುವಿನ ತೀಕ್ಷ್ಣತೆ ಅಸಾಧಾರಣವಾಗಿರಲೇಬೇಕು. ಸಕ್ಕರೆಗೆ ಹೋಲಿಸಿದರೆ ಆಸ್ಪರ್ಟೇಮ್ ಮತ್ತು ಅಸಿಸಲ್ಫೇಮ್ ಪೊಟ್ಯಾಸಿಯಂ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ನಾಲಿಗೆಯ ರುಚಿಮೊಗ್ಗುಗಳಲ್ಲಿರುವ ಸಿಹಿಗ್ರಾಹಕ ಎಂಬ ಪ್ರೋಟೀನಿಗೆ ಈ ಅಣುಗಳು ಸಕ್ಕರೆಗಿಂತ ಬಹಳ ಬಿಗಿಯಾಗಿ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಇಂಥವನ್ನು ತೀಕ್ಷ್ಣ ಸಿಹಿಕಾರಕಗಳು ಎಂದು ಕರೆಯುವುದು ಸೂಕ್ತ. ಇವುಗಳ ತೀಕ್ಷ್ಣತೆಯಿಂದಲೇ ಒಂದು ತುಂಡು ಗಮ್‌ಗೆ ಇವು ಕೆಲವೇ ಮಿಲಿಗ್ರಾಂ ಸಾಕಾಗುತ್ತವೆ. ಎರಡು ಬಗೆಯ ತೀಕ್ಷ್ಣ ಸಿಹಿಕಾರಕಗಳನ್ನು ಕೂಡಿಸಿದರೆ ಒಂದರ ಸಿಹಿಯನ್ನು ಇನ್ನೊಂದು ಹೆಚ್ಚಿಸುವುದರಿಂದ ಮತ್ತು ಸ್ವಲ್ಪ ಪಾಲನ್ನು ನಿಧಾನವಾಗಿ ಕರಗುವ ಹೊದಿಕೆಯೊಳಗೆ ಇಟ್ಟರೆ ರುಚಿ ಹೆಚ್ಚು ಹೊತ್ತು ಬಾಳುವುದರಿಂದ, ಪೊಟ್ಟಣದ ಪಟ್ಟಿಯಲ್ಲಿ ಇಂಥ ಎರಡು ಮೂರು ಹೆಸರುಗಳು ಒಟ್ಟಿಗೆ ಕಾಣಿಸುತ್ತವೆ.

ಆಸ್ಪರ್ಟೇಮ್ ಒಡೆಯುವ ಬಗೆ

ತೀಕ್ಷ್ಣ ಸಿಹಿಕಾರಕಗಳಲ್ಲಿ ಅತಿ ಹೆಚ್ಚು ದೂರು ಹೊತ್ತಿರುವುದು ಆಸ್ಪರ್ಟೇಮ್. ಇದು ಪ್ರೋಟೀನುಗಳ ಕಟ್ಟಡಕ್ಕೆ ಬಳಕೆಯಾಗುವ ಎರಡು ಅಮೈನೋ ಆಮ್ಲಗಳ ಜೋಡಣೆಯಾಗಿದ್ದು, ಕರುಳನ್ನು ತಲುಪಿದೊಡನೆ ಅಲ್ಲಿನ ಕಿಣ್ವಗಳಿಂದ ಫೀನೈಲ್‌ಅಲನಿನ್, ಆಸ್ಪಾರ್ಟಿಕ್ ಆಮ್ಲ ಮತ್ತು ಅಲ್ಪ ಪ್ರಮಾಣದ ಮೆಥನಾಲ್ ಎಂಬ ಮೂರು ತುಂಡುಗಳಾಗಿ ಒಡೆಯುತ್ತದೆ. ಮೆಥನಾಲ್ ವಿಷವೆಂಬ ಕಾರಣಕ್ಕೆ ಈ ಹೆಸರು ಭಯ ಹುಟ್ಟಿಸುತ್ತದೆಯಾದರೂ, ಅದರ ಪಾಲು ಆಸ್ಪರ್ಟೇಮ್‌ನ ತೂಕದ ಹತ್ತನೆಯ ಒಂದು ಭಾಗದಷ್ಟೇ. ಒಂದು ತುಂಡು ಗಮ್‌ನಲ್ಲಿ ಧಾರಾಳವಾಗಿ 10 ಮಿಲಿಗ್ರಾಂ ಆಸ್ಪರ್ಟೇಮ್ ಇದೆಯೆಂದು ಹಿಡಿದರೂ ಅದರಿಂದ ಹೊರಡುವ ಮೆಥನಾಲ್ ಸುಮಾರು ಒಂದು ಮಿಲಿಗ್ರಾಂ. ಹಣ್ಣಿನ ರಸಗಳಲ್ಲಿ ಮೆಥನಾಲ್ ಸಹಜವಾಗಿಯೇ ಇದ್ದು, ದೇಹಕ್ಕೆ ಅದನ್ನು ಅರಗಿಸಿ ಹೊರಹಾಕುವ ವ್ಯವಸ್ಥೆ ಇದೆ.

ಆದರೆ ಫೀನೈಲ್‌ಅಲನಿನ್ ವಿಷಯದಲ್ಲಿ ಪೊಟ್ಟಣದ ಎಚ್ಚರಿಕೆ ಒಂದು ಗುಂಪಿನವರಿಗೆ ಅಕ್ಷರಶಃ ಸತ್ಯ. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದ ಬರುವ ಕಾಯಿಲೆಯಲ್ಲಿ ಈ ಅಮೈನೋ ಆಮ್ಲವನ್ನು ಪರಿವರ್ತಿಸುವ ಯಕೃತ್ತಿನ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೀಗಾಗಿ ಫೀನೈಲ್‌ಅಲನಿನ್ ರಕ್ತದಲ್ಲಿ ಶೇಖರವಾಗುತ್ತ ಹೋಗಿ ಬೆಳೆಯುವ ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆ. 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಇದನ್ನು ಗುರುತಿಸಿದ ಮೇಲೆ, ಹುಟ್ಟಿದ ಕೂಡಲೇ ಪತ್ತೆಹಚ್ಚಿ ಆಹಾರವನ್ನು ಕಟ್ಟುನಿಟ್ಟಾಗಿ ಹಿಡಿತದಲ್ಲಿಟ್ಟರೆ ಈ ಮಕ್ಕಳು ಸಹಜವಾಗಿ ಬೆಳೆಯಬಲ್ಲರೆಂಬುದು ಸ್ಥಿರಪಟ್ಟಿದೆ. ಇಂಥವರು ಹಾಲು, ಬೇಳೆ, ಮೊಟ್ಟೆಗಳನ್ನೂ ಅಳೆದು ತಿನ್ನಬೇಕಾಗುತ್ತದೆ. ಒಂದು ಲೋಟ ಹಾಲಿನಲ್ಲಿ ನೂರಾರು ಮಿಲಿಗ್ರಾಂ ಫೀನೈಲ್‌ಅಲನಿನ್ ಇರುವಾಗ ಗಮ್‌ನ ತುಂಡಿನಲ್ಲಿರುವುದು ಕೆಲವೇ ಮಿಲಿಗ್ರಾಂ ಆದರೂ, ಪ್ರತಿ ತುತ್ತಿನ ಲೆಕ್ಕ ಇಡುವ ಮನೆಗೆ ಲೆಕ್ಕಕ್ಕೆ ಸಿಗದ ಮೂಲವೊಂದು ಇದೆಯೆಂದು ತಿಳಿಸುವುದು ಆ ಎಚ್ಚರಿಕೆಯ ಕೆಲಸ. ಕಿಣ್ವ ಸರಿಯಾಗಿರುವವರಿಗೆ ಈ ಸಾಲು ಅನ್ವಯಿಸುವುದಿಲ್ಲ.

ಕೇಡಿನ ಗುಣ ಮತ್ತು ಕೇಡಿನ ಸಂಭವ

2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ಸಾಧ್ಯತೆಯಿರುವ 2ಬಿ ಗುಂಪಿಗೆ ಸೇರಿಸಿದಾಗ ಜಗತ್ತಿನಾದ್ಯಂತ ಆತಂಕ ಹಬ್ಬಿತು. ಅದೇ ದಿನಗಳಲ್ಲಿ ಆಹಾರ ಸೇರ್ಪಡೆಗಳನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಜಂಟಿ ತಜ್ಞರ ಸಮಿತಿಯು ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಿಂದಿನ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದು ಹೇಳಿತು. ಒಂದೇ ಸಂಸ್ಥೆಯ ಎರಡು ಬಾಯಿಗಳಿಂದ ಎರಡು ಮಾತು ಬಂದಂತೆ ಕಾಣುವ ಈ ಸಂದರ್ಭವನ್ನು ಅರ್ಥಮಾಡಿಕೊಳ್ಳಲು ಕೇಡಿನ ಗುಣವನ್ನೂ ಕೇಡಿನ ಸಂಭವವನ್ನೂ ಬೇರ್ಪಡಿಸಬೇಕು. ಒಂದು ವಸ್ತು ಯಾವುದಾದರೂ ಪರಿಸ್ಥಿತಿಯಲ್ಲಿ ಕೇಡು ಮಾಡಬಲ್ಲುದೇ ಎಂಬುದು ಮೊದಲನೆಯದು. ಜನ ನಿಜವಾಗಿ ಸೇವಿಸುವ ಪ್ರಮಾಣದಲ್ಲಿ ಆ ಕೇಡು ಸಂಭವಿಸುವುದೇ ಎಂಬುದು ಎರಡನೆಯದು. ಕ್ಯಾನ್ಸರ್ ಸಂಸ್ಥೆ ನೋಡಿದ್ದು ಗುಣವನ್ನು, ಅದೂ ಸೀಮಿತ ಪುರಾವೆಯ ಆಧಾರದಲ್ಲಿ. ತಜ್ಞರ ಸಮಿತಿ ನೋಡಿದ್ದು ಸಂಭವವನ್ನು. 60 ಕಿಲೋ ತೂಕದ ವ್ಯಕ್ತಿಗೆ ಸಮಿತಿಯ ಮಿತಿ 2,400 ಮಿಲಿಗ್ರಾಂ ಆಗುವುದರಿಂದ, ತುಂಡಿಗೆ 10 ಮಿಲಿಗ್ರಾಂನಂತೆ ಲೆಕ್ಕ ಹಾಕಿದರೆ ಆ ಮಿತಿಯನ್ನು ಮುಟ್ಟಲು ಒಂದೇ ದಿನದಲ್ಲಿ 240 ತುಂಡು ಗಮ್ ಜಗಿಯಬೇಕಾಗುತ್ತದೆ.

ದೇಹದ ದಾರಿಯನ್ನು ಗಮನಿಸದೆ ತೀರ್ಮಾನಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಸ್ಯಾಕರಿನ್ ಒಳ್ಳೆಯ ನಿದರ್ಶನ. ಹೆಚ್ಚು ಪ್ರಮಾಣದಲ್ಲಿ ಸ್ಯಾಕರಿನ್ ತಿಂದ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡ ಕಾರಣ 1977ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದನ್ನು ನಿಷೇಧಿಸಲು ಹೊರಟಿತು. ಅಲ್ಲಿನ ಸಂಸತ್ತು ನಿಷೇಧವನ್ನು ತಡೆದು, ಪೊಟ್ಟಣಗಳ ಮೇಲೆ ಎಚ್ಚರಿಕೆ ಅಚ್ಚು ಮಾಡಿಸಿತು. ಮುಂದಿನ ಸಂಶೋಧನೆಗಳು ತೋರಿಸಿದ್ದೇನೆಂದರೆ, ಇಲಿಯ ಮೂತ್ರದ ವಿಶಿಷ್ಟ ರಚನೆಯಿಂದಾಗಿ ಸ್ಯಾಕರಿನ್ ಸೇವನೆಯಿಂದ ಅದರಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್‌ನ ಹರಳುಗಳು ಕಟ್ಟಿ ಮೂತ್ರಕೋಶದ ಒಳಪದರವನ್ನು ಸತತವಾಗಿ ಕೆರಳಿಸುತ್ತವೆ, ಮನುಷ್ಯರಲ್ಲಿ ಈ ಪ್ರಕ್ರಿಯೆ ನಡೆಯುವುದಿಲ್ಲ. 2000ದಲ್ಲಿ ಎಚ್ಚರಿಕೆಯನ್ನು ತೆಗೆಯಲಾಯಿತು. ಗಮ್‌ನ ಕೊಬ್ಬಿನಂಶ ಕೆಡದಂತೆ ಕಾಯಲು ಬಳಸುವ ಬಿಎಚ್‌ಎ ಎಂಬ ಸಂರಕ್ಷಕದ ಮೇಲಿನ ಆರೋಪವೂ ಮುಖ್ಯವಾಗಿ ಇಲಿ ಜಾತಿಯ ಪ್ರಾಣಿಗಳ ಮುಂಜಠರದಲ್ಲಿ ಕಂಡ ಗಡ್ಡೆಗಳನ್ನು ಆಧರಿಸಿದ್ದು, ಮನುಷ್ಯರಿಗೆ ಆ ಅಂಗವೇ ಇಲ್ಲ.

ಇದರಿಂದ ತೀಕ್ಷ್ಣ ಸಿಹಿಕಾರಕಗಳು ಆರೋಗ್ಯಕ್ಕೆ ಹಿತವೆಂದು ಸಾಧಿಸಿದಂತಾಗುವುದಿಲ್ಲ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ದೇಹದ ತೂಕ ಇಳಿಸಲು ಇವುಗಳನ್ನು ನೆಚ್ಚಿಕೊಳ್ಳಬಾರದೆಂದು ಸಲಹೆ ಕೊಟ್ಟಿದೆ. ಆದರೆ ಆ ಸಲಹೆ ಲೋಟಗಟ್ಟಲೆ ಪಾನೀಯಗಳನ್ನೂ ಇಡೀ ಆಹಾರಕ್ರಮವನ್ನೂ ಕುರಿತದ್ದು. ಗಮ್‌ನ ಮಿಲಿಗ್ರಾಂಗಳು ಅದರಲ್ಲಿ ತೀರ ಸಣ್ಣ ಪಾಲು.

ಗ್ರಾಂ ಲೆಕ್ಕದ ಸಿಹಿ

ಹಾಗಾದರೆ ಸಕ್ಕರೆ ತೆಗೆದ ಗಮ್‌ನಲ್ಲಿ ಸಕ್ಕರೆ ಇದ್ದ ಜಾಗವನ್ನು ತುಂಬುವುದು ಯಾವುದು? ಮಿಲಿಗ್ರಾಂಗಳಲ್ಲಿರುವ ತೀಕ್ಷ್ಣ ಸಿಹಿಕಾರಕಕ್ಕೆ ಆ ಗಾತ್ರವನ್ನು ತುಂಬಲು ಆಗದು. ಆ ಕೆಲಸವನ್ನು ಮಾಡುವುದು ಸಾರ್ಬಿಟಾಲ್, ಮ್ಯಾನಿಟಾಲ್, ಮಾಲ್ಟಿಟಾಲ್, ಕ್ಸೈಲಿಟಾಲ್ ಎಂಬ ಪಾಲಿಯಾಲ್‌ಗಳು. ಇವುಗಳನ್ನು ತುಂಬುಸಿಹಿಗಳು ಎನ್ನಬಹುದು. ಇವು ಸಕ್ಕರೆಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಸಿಹಿಯಾಗಿದ್ದು, ಸಕ್ಕರೆರಹಿತ ಗಮ್‌ನ ತೂಕದಲ್ಲಿ ಅತಿ ದೊಡ್ಡ ಪಾಲು ಇವುಗಳದ್ದೇ. ಸಾರ್ವಜನಿಕ ಭಯವೆಲ್ಲ ಮಿಲಿಗ್ರಾಂ ಲೆಕ್ಕದ ಆಸ್ಪರ್ಟೇಮ್‌ನ ಮೇಲೆ ನೆಟ್ಟಿರುವಾಗ, ಗ್ರಾಂ ಲೆಕ್ಕದಲ್ಲಿ ಒಳಗೆ ಹೋಗುವ ಈ ವಸ್ತುಗಳತ್ತ ಹೆಚ್ಚು ಜನರ ಗಮನ ಹೋಗಿಲ್ಲ.

ಹಲ್ಲಿನ ಮಟ್ಟಿಗೆ ಇವು ಉಪಕಾರಿಗಳು. ಬಾಯಿಯಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮುಂತಾದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಉಂಡು ಆಮ್ಲವನ್ನು ಬಿಡುತ್ತವೆ, ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಪಾಲಿಯಾಲ್‌ಗಳಿಂದ ಅವಕ್ಕೆ ಹಾಗೆ ಆಮ್ಲ ಮಾಡಲು ಸುಲಭವಾಗಿ ಸಾಧ್ಯವಾಗುವುದಿಲ್ಲ, ಜೊತೆಗೆ ಜಗಿಯುವುದರಿಂದ ಹೆಚ್ಚು ಹರಿಯುವ ಜೊಲ್ಲು ಇದ್ದ ಆಮ್ಲವನ್ನೂ ತೊಳೆಯುತ್ತದೆ. 1970ರ ದಶಕದಲ್ಲಿ ಫಿನ್‌ಲೆಂಡಿನ ತುರ್ಕು ನಗರದಲ್ಲಿ ನಡೆದ ಅಧ್ಯಯನಗಳು ಕ್ಸೈಲಿಟಾಲ್‌ಗೆ ಹೆಸರು ತಂದುಕೊಟ್ಟಿದ್ದು ಈ ಕಾರಣದಿಂದಲೇ. ಆದರೆ ಹಣ್ಣಿನ ರುಚಿಯ ಗಮ್‌ಗಳಿಗೆ ಸೇರಿಸುವ ಸಿಟ್ರಿಕ್ ಆಮ್ಲ ತಾನೇ ಹಲ್ಲಿನ ಕವಚವನ್ನು ಮೆತ್ತಗೆ ಮಾಡಬಲ್ಲುದು. ಸಕ್ಕರೆರಹಿತವೆಂಬ ಮಾತೊಂದೇ ಹಲ್ಲಿಗೆ ಅಭಯವಾಗುವುದಿಲ್ಲ.

ಕರುಳಿನಲ್ಲಿ ಕಥೆ ಬದಲಾಗುತ್ತದೆ. ಸಕ್ಕರೆಯನ್ನು ಸಣ್ಣ ಕರುಳು ಬೇಗ ಹೀರಿಕೊಳ್ಳುತ್ತದೆ. ಸಾರ್ಬಿಟಾಲ್ ಅನ್ನು ಹೀರಿಕೊಳ್ಳಲು ಅದಕ್ಕೆ ವಿಶೇಷ ಬಾಗಿಲಿಲ್ಲವಾದ್ದರಿಂದ ಸ್ವಲ್ಪ ಭಾಗ ನಿಧಾನವಾಗಿ ಒಳಸೇರಿ ಉಳಿದದ್ದು ಕರುಳಿನ ಉದ್ದಕ್ಕೂ ಮುಂದೆ ಸಾಗುತ್ತದೆ. ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ಹರಿಯುವ ಆಸ್ಮೋಸಿಸ್ ಎಂಬ ನೀರೆಳೆತದಿಂದಾಗಿ, ಹೀರಿಕೆಯಾಗದೆ ಉಳಿದ ಸಾರ್ಬಿಟಾಲ್ ಸುತ್ತಲಿನ ಅಂಗಾಂಶಗಳಿಂದ ನೀರನ್ನು ಕರುಳಿನೊಳಗೆ ಸೆಳೆದು ಮಲವನ್ನು ತೆಳುವಾಗಿಸುತ್ತದೆ. ದೊಡ್ಡ ಕರುಳನ್ನು ಮುಟ್ಟಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಹುಟ್ಟಿಸುವುದರಿಂದ ಹೊಟ್ಟೆಯುಬ್ಬರ, ನುಲಿತ ಕಾಣಿಸುತ್ತವೆ. ಹೆಸರಿನಲ್ಲಿ ವಿಷದ ಸುಳಿವೂ ಇಲ್ಲದ, ಕೆಲವು ಹಣ್ಣುಗಳಲ್ಲೂ ಸಹಜವಾಗಿ ಇರುವ ವಸ್ತು ದೇಹವನ್ನು ಕಾಡುವ ಬಗೆ ಇದು.

2008ರಲ್ಲಿ ಬರ್ಲಿನ್ನಿನ ಶಾರಿಟೇ ಆಸ್ಪತ್ರೆಯ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಎರಡು ಪ್ರಕರಣಗಳು ಈ ದಾರಿಯನ್ನು ಹತ್ತಿರದಿಂದ ತೋರಿಸುತ್ತವೆ. 21 ವರ್ಷದ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಭೇದಿಯಿಂದ ನರಳಿ 11 ಕಿಲೋ ತೂಕ ಕಳೆದುಕೊಂಡಿದ್ದರು; 46 ವರ್ಷದ ಇನ್ನೊಬ್ಬರು 22 ಕಿಲೋ ಕಳೆದುಕೊಂಡಿದ್ದರು. ಹಲವು ಪರೀಕ್ಷೆಗಳಿಂದಲೂ ಕಾರಣ ಸಿಗದಿದ್ದಾಗ ಆಹಾರದ ವಿವರ ಕೇಳಿದ ವೈದ್ಯರಿಗೆ ತಿಳಿದದ್ದೆಂದರೆ, ಮೊದಲನೆಯವರು ದಿನವಿಡೀ ಸಕ್ಕರೆರಹಿತ ಗಮ್ ಜಗಿಯುತ್ತ 18ರಿಂದ 20 ಗ್ರಾಂ ಸಾರ್ಬಿಟಾಲ್ ಸೇವಿಸುತ್ತಿದ್ದರು, ಎರಡನೆಯವರು 20 ತುಂಡು ಗಮ್‌ನ ಜೊತೆ ಸಕ್ಕರೆರಹಿತ ಮಿಠಾಯಿಗಳನ್ನೂ ತಿಂದು ಸುಮಾರು 30 ಗ್ರಾಂ ತಲುಪುತ್ತಿದ್ದರು. ಒಂದು ತುಂಡಿನಲ್ಲಿದ್ದದ್ದು ಸುಮಾರು 1.25 ಗ್ರಾಂ. ಸಾರ್ಬಿಟಾಲ್ ನಿಲ್ಲಿಸಿದ ಮೇಲೆ ಇಬ್ಬರ ಭೇದಿಯೂ ನಿಂತು ತೂಕ ಹೆಚ್ಚಿತು. ಆಸ್ಪರ್ಟೇಮ್‌ನ ಮಿತಿಗೆ 240 ತುಂಡು ಬೇಕಾದರೆ, ಸಾರ್ಬಿಟಾಲ್ ಆರೋಗ್ಯವಂತರ ಕರುಳನ್ನೂ ಕೆಡಿಸಲು ಹದಿನೈದು ಇಪ್ಪತ್ತು ತುಂಡು ಸಾಕು. ಮಕ್ಕಳಿಗೂ ಕೆರಳುವ ಕರುಳಿನ ತೊಂದರೆ ಇರುವವರಿಗೂ ಅದಕ್ಕಿಂತ ಕಡಿಮೆಯೇ ಸಾಕಾಗಬಹುದು.

ಕ್ಸೈಲಿಟಾಲ್ ವಿಷಯದಲ್ಲೂ ಪ್ರಮಾಣದ ಮಾತು ಮುಖ್ಯ. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ಸ್ಟಾನ್ಲಿ ಹೇಜನ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನವು, ರಕ್ತದಲ್ಲಿ ಕ್ಸೈಲಿಟಾಲ್ ಹೆಚ್ಚಿದ್ದವರಲ್ಲಿ ಮುಂದೆ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚು ಕಂಡದ್ದನ್ನೂ, 30 ಗ್ರಾಂ ಬೆರೆಸಿದ ಪಾನೀಯ ಕುಡಿದವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಚುರುಕಾದದ್ದನ್ನೂ ತೋರಿಸಿತು. ಕ್ಸೈಲಿಟಾಲ್ ದೇಹದಲ್ಲೂ ತಾನಾಗಿ ಉತ್ಪತ್ತಿಯಾಗುವುದರಿಂದ ಮೊದಲ ಅಂಶ ತಿಂದದ್ದರ ಪರಿಣಾಮವೇ ಎಂದು ಹೇಳಲಾಗದು. ಎರಡನೆಯದರ ಪ್ರಮಾಣ ಒಂದು ತುಂಡು ಗಮ್‌ನಲ್ಲಿರುವುದಕ್ಕಿಂತ ಹತ್ತಾರು ಪಟ್ಟು. ಆದರೆ ನಾಯಿ ಸಾಕಿದ ಮನೆಗಳು ಮರೆಯಬಾರದ ಅಂಶವೊಂದಿದೆ. ಮನುಷ್ಯರ ಮೇದೋಜೀರಕ ಗ್ರಂಥಿ ಕ್ಸೈಲಿಟಾಲ್‌ಗೆ ಹೆಚ್ಚು ಸ್ಪಂದಿಸುವುದಿಲ್ಲ, ನಾಯಿಯದ್ದು ಅದನ್ನು ಸಕ್ಕರೆಯೆಂದು ಬಗೆದು ಇನ್ಸುಲಿನ್ ಅನ್ನು ಒಮ್ಮೆಲೇ ಸುರಿಸುತ್ತದೆ. ರಕ್ತದ ಸಕ್ಕರೆ ಕುಸಿದು ನಾಯಿ ಸಾಯಬಹುದು. ಚಿಕ್ಕ ನಾಯಿಗೆ ಕೆಲವೇ ತುಂಡು ಗಮ್ ಪ್ರಾಣಾಂತಿಕ.

ಬಿಳುಪು ಮತ್ತು ಗೋಂದು

ಕೆಲವು ಗಮ್‌ಗಳ ಹೊರಪದರಕ್ಕೆ ಹೊಳೆಯುವ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಖನಿಜದ ಪುಡಿ. ಇದು ಕರಗುವುದಿಲ್ಲವಾದರೂ ಹೊರಪದರದಲ್ಲಿರುವ ಕಾರಣ ಮೊದಲ ನಿಮಿಷಗಳಲ್ಲೇ ಜೊಲ್ಲಿಗೆ ಸೇರಿ ಒಳಗೆ ಹೋಗುತ್ತದೆ. ಇದರ ಕಣಗಳಲ್ಲಿ ಒಂದು ಪಾಲು ಅತಿ ಸೂಕ್ಷ್ಮ ಗಾತ್ರದವಾಗಿದ್ದು, ವಂಶವಾಹಿಗಳಿಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿದ ಮೇಲೆ, 2022ರಲ್ಲಿ ಯುರೋಪಿಯನ್ ಒಕ್ಕೂಟ ಆಹಾರದಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಅಂಥ ನಿರ್ಧಾರಕ್ಕೆ ಬರಲಿಲ್ಲ. ತಜ್ಞರಲ್ಲೇ ಒಮ್ಮತವಿಲ್ಲದ ಈ ವಸ್ತುವಿನ ವಿಷಯದಲ್ಲಿ ಒಂದು ಅಂಶ ಮಾತ್ರ ಸ್ಪಷ್ಟ: ಅದು ರುಚಿಯನ್ನಾಗಲಿ ಪೋಷಣೆಯನ್ನಾಗಲಿ ಕೊಡುವುದಿಲ್ಲ, ಬರೀ ಅಂದಕ್ಕಾಗಿ ಇದೆ. ಲಾಭವೇ ಇಲ್ಲದ ಕಡೆ ಸಣ್ಣ ಸಂಶಯಕ್ಕೂ ಜಾಗ ಕೊಡಬಾರದೆಂಬ ಯುರೋಪಿನ ನಿಲುವು ವಿವೇಕದ್ದು.

ಗೋಂದುತಿರುಳು ಹಿಂದೆ ಮೆಕ್ಸಿಕೋ ಮತ್ತು ಗ್ವಾಟೆಮಾಲದ ಕಾಡುಗಳ ಮರಗಳಿಂದ ತೆಗೆದ ಚಿಕ್ಲೆ ಎಂಬ ಹಾಲಿನಿಂದ ತಯಾರಾಗುತ್ತಿತ್ತು. ಕರ್ನಾಟಕದ ತೋಟಗಳಲ್ಲಿ ಹಣ್ಣಿಗಾಗಿ ಬೆಳೆಸುವ ಸಪೋಟ ಅದೇ ಜಾತಿಯ ಮರ. ಇಂದು ಆ ಜಾಗವನ್ನು ಬಹುಪಾಲು ಪಾಲಿಐಸೋಬ್ಯುಟಿಲೀನ್, ಪಾಲಿವಿನೈಲ್ ಅಸಿಟೇಟ್‌ನಂಥ ಪೆಟ್ರೋಲಿಯಂ ಮೂಲದ ಪಾಲಿಮರ್‌ಗಳು ಹಿಡಿದಿವೆ. 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯ ಸಂಜಯ ಮೊಹಾಂತಿ ಅವರ ತಂಡ ಒಂದು ಚಿಕ್ಕ ಪ್ರಾಯೋಗಿಕ ಅಧ್ಯಯನದಲ್ಲಿ, ಪ್ರತಿ ಗ್ರಾಂ ಗಮ್‌ನಿಂದ ಸರಾಸರಿ 100 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಜೊಲ್ಲಿಗೆ ಸೇರುವುದನ್ನು ಎಣಿಸಿತು. ಗಮನಿಸಬೇಕಾದದ್ದೆಂದರೆ, ಗಿಡಮೂಲದ್ದೆಂದು ಮಾರುವ ಗಮ್‌ಗಳಲ್ಲೂ ಕಣಗಳು ಸಿಕ್ಕವು, ಮತ್ತು ಬಹುಪಾಲು ಕಣಗಳು ಹಲ್ಲಿನ ಉಜ್ಜಾಟದಿಂದ ಮೊದಲ ಎಂಟು ನಿಮಿಷಗಳಲ್ಲೇ ಕಳಚಿದವು. ಕರಗದ ಪಾಲೆಲ್ಲ ಉಗುಳಿಗೇ ಹೋಗುತ್ತದೆಂಬ ತಿಳಿವಳಿಕೆಗೆ ಇದು ಒಂದು ತಿದ್ದುಪಡಿ. ಆ ಕಣಗಳು ದೇಹದಲ್ಲಿ ಹಾನಿ ಮಾಡುತ್ತವೆಂದು ಈ ಅಧ್ಯಯನ ಹೇಳಿಲ್ಲ. ಹೊಸ ಹೊಸ ತುಂಡುಗಳನ್ನು ಬಾಯಿಗೆ ಹಾಕಿಕೊಳ್ಳುವುದಕ್ಕಿಂತ ಒಂದೇ ತುಂಡನ್ನು ಹೆಚ್ಚು ಹೊತ್ತು ಜಗಿದರೆ ಕಣಗಳು ಕಡಿಮೆಯಾಗುತ್ತವೆ ಎಂಬ ಉಪಯುಕ್ತ ಮಾತು ಅದರಿಂದ ಹೊರಡುತ್ತದೆ.

ಪೊಟ್ಟಣದ ಹಿಂಬದಿಯನ್ನು ಓದುವ ಕ್ರಮ

ಭಾರತದ ಪೊಟ್ಟಣಗಳಲ್ಲಿ ಸೇರ್ಪಡೆಗಳನ್ನು ಐಎನ್‌ಎಸ್ ಸಂಖ್ಯೆಗಳಿಂದ ಗುರುತಿಸಬಹುದು. 420 ಸಾರ್ಬಿಟಾಲ್, 421 ಮ್ಯಾನಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್, ಇವು ತುಂಬುಸಿಹಿಗಳು. 950 ಅಸಿಸಲ್ಫೇಮ್ ಪೊಟ್ಯಾಸಿಯಂ, 951 ಆಸ್ಪರ್ಟೇಮ್, 955 ಸುಕ್ರಲೋಸ್. ಇವು ತೀಕ್ಷ್ಣ ಸಿಹಿಕಾರಕಗಳು. 171 ಟೈಟಾನಿಯಂ ಡೈಆಕ್ಸೈಡ್, 320 ಬಿಎಚ್‌ಎ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ಇರುವುದರಿಂದ, ಪಟ್ಟಿಯ ಮೊದಲಲ್ಲಿ 420 ಇದ್ದು ಕೊನೆಯಲ್ಲಿ 951 ಇದ್ದರೆ ಒಳಗೆ ಹೋಗುವ ದೊಡ್ಡ ಪಾಲು ಯಾವುದೆಂದು ಓದುಗರೇ ತಿಳಿಯಬಹುದು.

ಊಟದ ನಂತರ ಒಂದೆರಡು ತುಂಡು ಸಕ್ಕರೆರಹಿತ ಗಮ್ ಜಗಿಯುವ ಆರೋಗ್ಯವಂತ ವಯಸ್ಕರಿಗೆ ಅದರ ಸಿಹಿಕಾರಕಗಳಿಂದ ಹೆದರಬೇಕಾದ ಕಾರಣವಿಲ್ಲ, ಹಲ್ಲಿಗೆ ಸ್ವಲ್ಪ ಲಾಭವೂ ಇದೆ. ದಿನಕ್ಕೆ ಪೊಟ್ಟಣಗಟ್ಟಲೆ ಜಗಿಯುವವರು, ಕಾರಣ ತಿಳಿಯದ ಹೊಟ್ಟೆಯುಬ್ಬರ ಅಥವಾ ಭೇದಿ ಇರುವವರು, ಫೀನೈಲ್‌ಕೀಟೋನ್ಯೂರಿಯಾ ಇರುವ ಮಕ್ಕಳ ತಾಯ್ತಂದೆಯರು, ನಾಯಿ ಸಾಕಿದವರು ಮಾತ್ರ ಲೆಕ್ಕ ಇಟ್ಟುಕೊಳ್ಳಬೇಕು. ವೈದ್ಯರ ಬಳಿ ಹೋದಾಗ ಗಮ್‌ನ ವಿಷಯವನ್ನೂ ಹೇಳಬೇಕು. ಆದರೆ ಲೆಕ್ಕ ಇಡುವ ಹೊಣೆಯನ್ನೆಲ್ಲ ಕೊಳ್ಳುವವರ ಮೇಲೆ ಹೊರಿಸುವುದು ನ್ಯಾಯವಲ್ಲ. ಗಮ್‌ನ ಒಳಿತು ಕೆಡುಕುಗಳೆರಡೂ ಪ್ರಮಾಣದಿಂದಲೇ ತೀರ್ಮಾನವಾಗುವಾಗ, ಹೆಸರುಗಳನ್ನು ಮಾತ್ರ ಪಟ್ಟಿ ಮಾಡಿ ಪ್ರಮಾಣವನ್ನು ಹೇಳದ ಪೊಟ್ಟಣ ಅರ್ಧ ಮಾಹಿತಿಯನ್ನಷ್ಟೇ ಕೊಡುತ್ತದೆ. ಒಂದು ತುಂಡಿನಲ್ಲಿ ಪಾಲಿಯಾಲ್ ಎಷ್ಟು ಗ್ರಾಂ ಇದೆ, ಆಸ್ಪರ್ಟೇಮ್ ಎಷ್ಟು ಮಿಲಿಗ್ರಾಂ ಇದೆ ಎಂಬ ಎರಡು ಅಂಕಿಗಳನ್ನು ಎಚ್ಚರಿಕೆಯ ಸಾಲಿನ ಪಕ್ಕದಲ್ಲೇ ಅಚ್ಚು ಮಾಡಬೇಕೆಂದು ಕೇಳುವ ಎಲ್ಲ ಹಕ್ಕೂ ಗ್ರಾಹಕರಿಗೆ ಇದೆ. ತಯಾರಕರಿಗೆ ಈಗಾಗಲೇ ತಿಳಿದಿರುವ ಆ ಅಂಕಿಗಳನ್ನು ಬಹಿರಂಗಪಡಿಸಲು ಹೊಸ ಸಂಶೋಧನೆ ಏನೂ ಬೇಕಾಗಿಲ್ಲ.